ಮೆಕಾಂಗ್ ದಂಡೆಯ ನೀಲಿ ಹಿಕ್ಕೆ

ಈ ಪ್ರವಾಸಕ್ಕೆ ನನಗೆ ತಗಲಿದ್ದು ಒಂದು ಮುರ್ರಾ ಎಮ್ಮೆ. ಹಾಲಿಗೆ ತಕರಾರಿಲ್ಲದ್ದು. ಸದಲಗಾದ ವ್ಯಾಪಾರಿ ಹಗ್ಗ ಹಿಡಿದು ನಡೆಸಿಕೊಂಡು ಹೋದಾಗ ಎರಡು ಸಲ ತಿರುಗಿ ನೋಡಿತು. ಎಮ್ಮೆ ನನ್ನ ಹೆಂಡತಿ ಅಕ್ಕಾತಾಯಿಯದು. ಹಾಗಾಗಿ ವಿಯೆಟ್ನಾಮಿಗೆ ಇಬ್ಬರೂ ಹೋದೆವು, ದಾರಿಯುದ್ದಕ್ಕೂ ಅರ್ಧಕ್ಕಿಂತ ಹೆಚ್ಚು ಮಾತು ಅವಳದೇ ನಡೆಯಿತು.

ಯಾಕೆ ಹೋದಿರಿ ಎಂದರೆ, ಇಲಿ ಹಿಡಿಯುವುದನ್ನು ನೋಡಲು. ನಗುವವರು ನಕ್ಕು ಮುಗಿಸಿ, ಆಮೇಲೆ ಮುಂದೆ ಓದಿ.

ನಾನು ಅಲಖನೂರಿನವನು. ಮುಗಳಖೋಡದಲ್ಲಿ ತಂತಿ ಜಾಳಿಗೆಯ ಅಂಗಡಿ ಇದೆ. ಶುರು ಮಾಡಿದ್ದು ಇಲಿ ಬೋನಿನಿಂದ. ಸೈಕಲ್ಲಿಗೆ ಬೋನು ಕಟ್ಟಿಕೊಂಡು ರಾಯಬಾಗ, ಅಥಣಿ, ಕಾಗವಾಡದ ಸಂತೆಗಳಲ್ಲಿ ಕೂಗಿ ಮಾರಿದವನು. ವಿಷದ ನೀಲಿ ಕೇಕ್ ಬಂದ ಮೇಲೆ ಬೋನು ಕೇಳುವವರಿಲ್ಲ. ಗಿರಾಕಿ ಹೋದರೆಂದು ಅಳುವವನು ನಾನಲ್ಲ, ಬೇಲಿ ತಂತಿ ಮಾರಿ ಬದುಕಿದೆ. ಆದರೆ ನಮ್ಮ ಕಬ್ಬಿನೊಳಗೆ ಬೇರೆಯದೇ ನಡೆಯಿತು.

ಕಬ್ಬು ಕಡಿಯುವ ಗ್ಯಾಂಗಿನವರು ಹೊಲದ ಕೊನೆಯ ಪಟ್ಟಿಗೆ ಬಂದಾಗ ಮೊದಲೆಲ್ಲ ಕೈ ನಿಲ್ಲಿಸಿ ಸುತ್ತುವರಿದು ನಿಲ್ಲುತ್ತಿದ್ದರು. ಅಲ್ಲಿಯ ತನಕ ಒಳಗೊಳಗೆ ಸರಿದುಕೊಂಡಿದ್ದ ಮೊಲ, ಮುಂಗುಸಿ, ಕಾಡುಬೆಕ್ಕು ಒಂದೇ ಸಲ ಹೊರಬೀಳುತ್ತಿದ್ದವು. ಕೂಗಾಟ, ನಗೆ, ಅಟ್ಟಿಸಿಕೊಂಡು ಹೋಗಿ ಬಿದ್ದವರ ಮೈಯೆಲ್ಲ ಮಣ್ಣು. ಈಗ ಕೊನೆಯ ಪಟ್ಟಿ ಕಡಿದರೂ ಏನೂ ಓಡುವುದಿಲ್ಲ. ಇಲಿ ಮಾತ್ರ ಓಡುತ್ತದೆ. ಕೇಕ್ ಇಟ್ಟಾಗ ಕಡಿಮೆಯಾಗುತ್ತದೆ, ಮುಂದಿನ ಹಂಗಾಮಿಗೆ ದಂಡು ಕಟ್ಟಿಕೊಂಡು ಬರುತ್ತದೆ, ಮತ್ತೆ ಕೇಕ್. ವಿಷ ತಿಂದ ಇಲಿಯನ್ನು ಮುಂಗುಸಿ ತಿಂದು ಅದೂ ಸಾಯುತ್ತದೆ. ಇಲಿ ಎಷ್ಟು ಸಲ ಮರಿ ಹಾಕುತ್ತದೆ, ಮುಂಗುಸಿ ಎಷ್ಟು ಸಲ? ವಿಷ ಎರಡನ್ನೂ ಕೊಲ್ಲುತ್ತದೆ, ಬೇಗ ತಿರುಗಿ ಬರುವುದು ಒಂದೇ. ಇಷ್ಟು ಲೆಕ್ಕ ನನಗೂ ಬರುತ್ತದೆ.

ಇಚಲಕರಂಜಿಯ ತಂತಿ ವ್ಯಾಪಾರಿಯೊಬ್ಬ ಹೇಳಿದ, ವಿಯೆಟ್ನಾಮಿನ ಭತ್ತದ ಸೀಮೆಯಲ್ಲಿ ಗದ್ದೆಯ ಇಲಿಯನ್ನು ತಿನ್ನುತ್ತಾರೆ, ತಿನ್ನುವ ವಸ್ತುವಿಗೆ ಯಾರೂ ವಿಷ ಇಡುವುದಿಲ್ಲ, ಅಲ್ಲಿ ಎಲ್ಲ ಬೋನಿನ ಮೇಲೆಯೇ ನಡೆಯುತ್ತದೆ ಎಂದು. ನನ್ನ ಸರಕು ಇನ್ನೂ ನಡೆಯುವ ಪೇಟೆಯೊಂದು ಭೂಮಿಯ ಮೇಲಿದೆ ಎಂದ ಮೇಲೆ ನೋಡದೆ ಇರುವುದು ಹೇಗೆ?

ಸೈಗಾನ್

ನಿಪ್ಪಾಣಿಯಲ್ಲಿ ಮುಂಬಯಿ ಬಸ್ಸು ಹತ್ತಿದಾಗಿನಿಂದ ನಿದ್ದೆಯಿಲ್ಲ. ಸೈಗಾನಿನ ವಿಮಾನ ನಿಲ್ದಾಣದಲ್ಲಿ ನಮ್ಮ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ಹಿಡಿದುಕೊಂಡು ಅಧಿಕಾರಿಯೊಬ್ಬ ನಿಂತುಬಿಟ್ಟ. ಕೆಂಪು ಪುಡಿ, ವಾಸನೆ ಬೇರೆ. ಅಕ್ಕಾತಾಯಿ ಚಿಟಿಕೆ ತೆಗೆದು ಅವನ ಅಂಗೈಗೆ ಹಾಕಿದಳು.

"ಹಿಂಡಿ ಐತೋ ಯಪ್ಪಾ. ತಿಂದ ನೋಡು, ಆಮ್ಯಾಲ ಹಿಡಕೊಂಡ ಕೂಡು."

ಅವನು ಮೂಸಿದ, ಸೀನಿದ, ಕೈಬೀಸಿ ಕಳಿಸಿದ.

ಹೋಟೆಲಿನಲ್ಲಿ ಚಾಯ್ ಕೇಳಿದೆ. ಅನ್ನ, ಸೊಪ್ಪು, ಹುರಿದ ತೋಫು ಬಂತು. ಆ ಭಾಷೆಯಲ್ಲಿ ಹೆಚ್ಚುಕಡಿಮೆ ಅದೇ ಉಲಿಯಲ್ಲಿ ಸಸ್ಯಾಹಾರ ಎನ್ನುತ್ತಾರಂತೆ. ಚಹಾ ಸಿಗಲಿಲ್ಲ, ಹೊಟ್ಟೆ ತುಂಬಿತು. ಆಮೇಲೆ ಹೋದಲ್ಲೆಲ್ಲ ಚಾಯ್ ಚಾಯ್ ಎನ್ನುತ್ತಲೇ ಊಟ ಮಾಡಿದೆವು.

ಅಂಗಡಿಗಳಲ್ಲಿ ಮಾತಿಲ್ಲದೆ ಕ್ಯಾಲ್ಕುಲೇಟರ್ ಮುಂದಿಡುತ್ತಾರೆ. ಅಂಗಡಿಯವಳು ತನ್ನ ಬೆಲೆ ಒತ್ತುತ್ತಾಳೆ, ನೀವು ಅಳಿಸಿ ನಿಮ್ಮದನ್ನು ಒತ್ತುತ್ತೀರಿ. ಮುಖ ಸಿಂಡರಿಸಲು, ಎದ್ದು ಹೊರಟಂತೆ ಮಾಡಲು ಭಾಷೆ ಬೇಕಿಲ್ಲ. ಒಂದು ಬಿದಿರಿನ ಟೊಪ್ಪಿಗೆಗೆ ನಾನೂ ಒಬ್ಬ ಮುದುಕಿಯೂ ಇಡೀ ಸಂಜೆ ಜಗಳವಾಡಿ ಕೊನೆಗೆ ಇಬ್ಬರೂ ಗೆದ್ದಂತೆ ನಕ್ಕೆವು. ಆ ದೇಶದಲ್ಲಿ ನಾನು ಸುಖವಾಗಿದ್ದದ್ದು ಅಷ್ಟು ಹೊತ್ತೇ.

ಚೌ ಡಾಕ್ ದಾರಿ

ಚೌ ಡಾಕ್ ಮೆಕಾಂಗ್ ನದಿಯ ಭತ್ತದ ಸೀಮೆಯ ಊರು. ಅಲ್ಲಿಗೆ ಹೋಗುವ ಮಲಗುವ ಬಸ್ಸಿಗೆ ಹತ್ತುವಾಗ ಕಾಲುಮೆಟ್ಟು ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಳ್ಳಬೇಕು. ಒಳ್ಳೆಯ ಪದ್ಧತಿ, ನಮ್ಮ ಬಸ್ಸುಗಳಿಗೂ ಬರಲಿ. ಆದರೆ ಎಲ್ಲರ ಚೀಲವೂ ಒಂದೇ ತರಹ. ಇಳಿದು ನೋಡಿದರೆ ನನ್ನ ಕೊಲ್ಹಾಪುರಿ ಚಪ್ಪಲಿ ಯಾರದೋ ಜೊತೆ ಹೋಗಿತ್ತು, ನನ್ನ ಪಾಲಿಗೆ ಗುಲಾಬಿ ಬಣ್ಣದ ಸಣ್ಣ ರಬ್ಬರ್ ಚಪ್ಪಲಿ ಉಳಿದಿತ್ತು. ಹಿಮ್ಮಡಿ ಹೊರಗೆ ಬಿಟ್ಟುಕೊಂಡು ಅದರಲ್ಲೇ ಆ ಸೀಮೆಯನ್ನೆಲ್ಲ ನಡೆದೆ.

ನಮ್ಮನ್ನು ಕರೆದೊಯ್ಯಲು ಬಂದವನು ಮಿನ್. ನನ್ನ ವಯಸ್ಸಿನವನು. ನಮ್ಮ ದೇಶದ ಪ್ರವಾಸಿಗರ ಹಿಂದೆ ತಿರುಗಿ ತಿರುಗಿ ಹಿಂದಿ ಕಲಿತಿದ್ದ. ಅವನ ಹಿಂದಿಯೂ ನಮ್ಮ ಹಿಂದಿಯೂ ಸಮಾನ ಮುರುಕು, ಹಾಗಾಗಿ ತೊಂದರೆಯಾಗಲಿಲ್ಲ. ಮೊದಲು ಪೇಟೆಗೆ ಕರೆದೊಯ್ದ. ಮೀನಿನ ಪಕ್ಕದಲ್ಲೇ ತಂತಿಯ ಪಂಜರಗಳು, ಒಳಗೆ ಜೀವಂತ ಇಲಿ. ಅಕ್ಕಾತಾಯಿ ಸೆರಗು ಮೂಗಿಗೆ ಹಿಡಿದು ನಿಂತಳು, ಆಮೇಲೆ ಬಗ್ಗಿದಳು.

"ನಮ್ಮ ಹೆಗ್ಗಣಕ್ಕಿಂತ ಸ್ವಚ್ಛ ಅದಾವ ಬಿಡ್ರಿ. ಭತ್ತಾ ತಿಂದ ಬೆಳದಾವ."

ನಮ್ಮಲ್ಲಿ ಗಣಪತಿ ಹಬ್ಬದ ಮರುದಿನ ಇಲಿಗೆ ನೈವೇದ್ಯ ಇಡುವ ಮನೆಗಳಿವೆ. ಅದೇ ಮನೆಯವರು ಕೆಲವು ದಿನ ಬಿಟ್ಟು ಅದೇ ಮೂಲೆಗೆ ಕೇಕ್ ಇಡುತ್ತಾರೆ. ಇಲ್ಲಿಯವರು ಪೂಜೆಯನ್ನೂ ಮಾಡುವುದಿಲ್ಲ, ವಿಷವನ್ನೂ ಇಡುವುದಿಲ್ಲ, ಹಿಡಿದು ತಿನ್ನುತ್ತಾರೆ. ಯಾವುದು ಒಳ್ಳೆಯದೋ ನೀವೇ ಯೋಚಿಸಿ. ನನಗೆ ಆಗ ನಿದ್ದೆ ಬೇಕಾಗಿತ್ತು.

ಹಾನ್ ಮನೆ

ಕಾಲುವೆಯ ದಂಡೆಯಲ್ಲಿ ಕಂಬಗಳ ಮೇಲೆ ನಿಂತ ತಗಡಿನ ಮನೆ. ಒಡತಿಯ ಹೆಸರು ಹಾನ್. ಗಂಡ ದೂರದ ಕಾರ್ಖಾನೆಯಲ್ಲಿ, ಸ್ವಂತ ಹೊಲವಿಲ್ಲ, ಬೋನಿನ ಮೇಲೆ ಮನೆ ನಡೆಸುತ್ತಾಳೆ. ಅವಳ ವ್ಯವಹಾರವನ್ನು ಮಿನ್ ಬಿಡಿಸಿ ಹೇಳಿದ. ಸಂಜೆ ಊರವರ ಗದ್ದೆಯ ಬದುಗಳಲ್ಲೆಲ್ಲ ಬೋನು ಇಡುತ್ತಾಳೆ, ಬೆಳಿಗ್ಗೆ ಎತ್ತುತ್ತಾಳೆ. ಗದ್ದೆಯವರು ಅವಳಿಗೆ ಏನೂ ಕೊಡಬೇಕಿಲ್ಲ, ಅವಳೂ ಅವರಿಗೆ ಏನೂ ಕೊಡಬೇಕಿಲ್ಲ. ಅವರ ಬೆಳೆ ಉಳಿಯುತ್ತದೆ, ಇಲಿ ಅವಳದಾಗುತ್ತದೆ. ಷರತ್ತು ಒಂದೇ: ಗದ್ದೆಗೆ ಇಲಿಯ ವಿಷ ಬೀಳಬಾರದು. ಬಿದ್ದಿದೆ ಎಂಬ ಮಾತು ಹೊರಟರೆ, ಇಲಿ ಕೊಳ್ಳಲು ದಿನಾ ಬರುವ ದೋಣಿಯವನು ಆ ಇಡೀ ದಂಡೆಯ ಮಾಲು ಮುಟ್ಟುವುದಿಲ್ಲ. ಮುಂದಿನ ನೆರೆಯ ನೀರು ಬಂದು ಎಲ್ಲ ತೊಳೆದು ಹೋಗುವ ತನಕ.

"ಅಲ್ಲಿ ತನಕಾ ಏನ್ ತಿಂತಾಳಂತ?" ಎಂದು ಅಕ್ಕಾತಾಯಿ ಕೇಳಿದಳು.

ಮಿನ್ ಕೇಳಿ ಹೇಳಿದ. ಹಾನ್ ನಕ್ಕು ಎರಡೂ ಕೈ ಖಾಲಿ ಮಾಡಿ ತೋರಿಸಿದಳು.

ಬೋನು ಕೈಗೆ ತೆಗೆದುಕೊಂಡು ನೋಡಿದೆ. ತೋಳಿನಷ್ಟು ಉದ್ದ. ಬಾಯಿಯ ತಂತಿಗಳು ಒಳಮುಖವಾಗಿ ಬಾಗಿವೆ, ಒಳಗೆ ಹೋಗಲು ಬಿಡುತ್ತವೆ, ಹೊರಗೆ ಬರಲು ಹೊರಟರೆ ಚುಚ್ಚುತ್ತವೆ. ಒಳಗೆ ತಿಂಡಿಯನ್ನೇ ಇಡುವುದಿಲ್ಲ. ಬದುವಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ ಅಲ್ಲಲ್ಲಿ ಕಿಂಡಿ ಬಿಡುತ್ತಾರೆ, ಕಿಂಡಿಗೆ ಬೋನಿನ ಬಾಯಿ. ಇಲಿ ಗೋಡೆ ಹಿಡಿದೇ ಓಡುವ ಪ್ರಾಣಿ, ತಾನಾಗಿ ಬಂದು ಬೀಳುತ್ತದೆ. ಮುಂಗುಸಿಯೋ ಮೊಲವೋ ಸಿಕ್ಕರೆ ಜೀವಸಹಿತ ಬಿಟ್ಟುಬಿಡಬಹುದು. ಇಷ್ಟು ವರ್ಷ ನಾನು ಬೋನಿನಲ್ಲಿ ಮಿರ್ಚಿಭಜಿ ಇಡಿರಿ ಎಂದು ಜನರಿಗೆ ಹೇಳುತ್ತ ಬಂದಿದ್ದೆ.

ಬೆಳಗು

ರಾತ್ರಿ ಅಲ್ಲೇ ಮಲಗಿದ್ದೆವು. ಹಾನ್ ಬೋನುಗಳನ್ನೆಲ್ಲ ತಂದು ದಂಡೆಯ ಹಲಗೆಯ ಮೇಲಿದ್ದ ದೊಡ್ಡ ಪಂಜರಕ್ಕೆ ಸುರಿಯುತ್ತಿದ್ದಳು. ಅಕ್ಕಾತಾಯಿಗೆ ಯಾರಾದರೂ ದುಡಿಯುವಾಗ ಕೂತು ನೋಡಲು ಆಗುವುದಿಲ್ಲ, ಹಲಗೆ ತೊಳೆಯಲು ಬಗ್ಗಿದಳು. ನಾನು ಹಲ್ಲುಜ್ಜುತ್ತಿದ್ದೆ.

"ಏನ್ರೀ, ಇಲ್ಲಿ ಬರ್ರಿ."

"ಏನಾತು?"

"ಹಿಕ್ಕಿ ನೋಡ್ರಿ. ನೀಲಿ ಅದಾವ."

ನೋಡಿದೆ. ಬಾಯಿಯ ನೊರೆ ಉಗುಳಿ ಬಗ್ಗಿ ಇನ್ನೊಮ್ಮೆ ನೋಡಿದೆ. ಆ ಕೇಕಿಗೆ ಬಣ್ಣ ಹಾಕಿರುತ್ತಾರೆ, ತಿಂದ ಇಲಿಯ ಹಿಕ್ಕೆಗೂ ಅದೇ ಬಣ್ಣ. ನಮ್ಮ ಗೋದಾಮಿನ ಮೂಲೆಯಲ್ಲಿ ಇಬ್ಬರೂ ಎಷ್ಟೋ ಸಲ ಗುಡಿಸಿದ್ದೇವೆ. ಹಾನ್‌ಗೆ ಅದು ಗೊತ್ತಿರಲಿಲ್ಲ. ವಿಷವೇ ಇಲ್ಲದ ದಂಡೆಯಲ್ಲಿ ಬದುಕಿದವಳಿಗೆ ಗೊತ್ತಾಗುವುದಾದರೂ ಹೇಗೆ?

"ಸುಮ್ಮನಿರು" ಎಂದೆ.

"ಯಾಕ ಸುಮ್ಮನಿರಬೇಕ?"

"ನಾವ್ ಪರದೇಶದವ್ರು, ನಾಳೆ ಹೋಗವ್ರು. ಆಕಿ ಅನ್ನಕ್ಕ ಯಾಕ ಮಣ್ಣ ಹಾಕತಿ? ಒಂದ್ ಇಲಿ ತಿಂದ್ರ ಮನಷ್ಯಾ ಸಾಯಂಗಿಲ್ಲ."

"ಹಂಗಾದ್ರ ನೀವ ಒಂದ್ ತಿಂದ ತೋರಸ್ರಿ."

"ನಾ ಯಾಕ ತಿನ್ನಲಿ? ಲಿಂಗಾ ಕಟ್ಟೇನಿ."

"ಕೊಳ್ಳಾಗ ಲಿಂಗಾ, ಬಾಯಾಗ ಸುಳ್ಳ. ಭಾರೀ ಆತ ನಿಮ್ಮದು."

ನಾವು ಎಷ್ಟು ಜೋರಾಗಿ ಜಗಳವಾಡಿದರೂ ಹಾನ್‌ಗೆ ಒಂದು ಅಕ್ಷರ ತಿಳಿಯುವಂತಿರಲಿಲ್ಲ. ಗಂಡ ಹೆಂಡತಿಯ ಜಗಳ ಎಲ್ಲ ದೇಶದಲ್ಲೂ ಒಂದೇ ಎಂಬಂತೆ ನಗುತ್ತ ಪಂಜರದ ಬಾಗಿಲು ಬಿಗಿಯುತ್ತಿದ್ದಳು. ಕಾಲುವೆಯ ತಿರುವಿನಾಚೆ ದೋಣಿಯ ಇಂಜಿನ್ ಸದ್ದು ಕೇಳಿಸಿತು.

ನನ್ನ ವ್ಯಾಪಾರಿ ತಲೆ ಓಡಿತು. "ಚುರುಕಾಗಿ ಓಡ್ಯಾಡೂವನ್ನ ಆರಿಸಿ ಮಾರಲಿ, ಮಂಕಾಗಿದ್ದನ್ನ ಒಗೀಲಿ" ಎಂದೆ. ಸಂತೆಯಲ್ಲಿ ದನ ಆರಿಸುವುದು ಹಾಗೆಯೇ ಅಲ್ಲವೇ, ನಡಿಗೆ ನೋಡಿ.

"ನಮ್ಮ ಬೆಕ್ಕ ಸಾಯೂ ಮುಂಚಿನ ದಿನಾ ಮಾಳಗಿ ಮ್ಯಾಲೆ ಜಿಗದಾಡತಿತ್ತ. ನೆಪ್ಪ ಐತೇನ?"

ನೆನಪಿತ್ತು. ಈ ವಿಷ ತಿಂದ ದಿನವೇ ಕೊಲ್ಲುವುದಿಲ್ಲ. ತಿಂದದ್ದು ಕೆಲವು ದಿನ ಚೆನ್ನಾಗಿಯೇ ಓಡಾಡಿಕೊಂಡಿದ್ದು, ಒಳಗೊಳಗೇ ರಕ್ತ ಸೋರಿ ಸಾಯುತ್ತದೆ. ನಡಿಗೆ ನೋಡಿ ಆರಿಸಲು ಬರುವ ಮಾಲು ಇದಲ್ಲ. ಮೇಲಾಗಿ ಎಲ್ಲ ಬದುಗಳ ಇಲಿಯೂ ಆಗಲೇ ಒಂದೇ ಪಂಜರದಲ್ಲಿ ಬೆರೆತಿತ್ತು.

ಬೇರೆ ದಾರಿ ಉಳಿಯದೆ, ಹಾನ್‌ಗೆ ಹೇಳು ಎಂದು ಮಿನ್‌ಗೆ ಅಂದೆ. ಅವನು ತಲೆ ತಗ್ಗಿಸಿದ. "ಸಾಬ್, ಯೇ ಬಾತ್ ಹಮ್ ನಹೀ ಬೋಲೇಗಾ." ಅವನು ಆ ಊರಿನವನು, ಆ ಮಾತು ತನ್ನ ಬಾಯಿಂದ ಬೀಳುವುದು ಅವನಿಗೆ ಬೇಡ. ಕೊನೆಗೆ ನಾನೇ ಮೊಬೈಲ್ ತೆಗೆದು ನಮ್ಮ ಪಕ್ಕದ ಅಂಗಡಿಯ ನೀಲಿ ಕೇಕಿನ ಫೋಟೊ ಹುಡುಕಿ ಹಾನ್ ಮುಂದೆ ಹಿಡಿದೆ. ಆಮೇಲೆ ಹಲಗೆಯ ಕಡೆಗೆ ಬೆರಳು ತೋರಿಸಿದೆ.

ಅವಳು ಕುಕ್ಕರುಗಾಲಲ್ಲಿ ಕೂತು ಒಂದು ಹಿಕ್ಕೆ ಎತ್ತಿ ಬೆರಳಲ್ಲಿ ಹಿಸುಕಿದಳು. ಬೆರಳ ತುದಿ ನೀಲಿಯಾಯಿತು. ನನ್ನನ್ನು ನೋಡಿದಳು. ಜೀವಮಾನವೆಲ್ಲ ಗಿರಾಕಿಗಳ ಬೈಗಳು ತಿಂದಿದ್ದೇನೆ, ಆ ನೋಟ ತಿಂದಿರಲಿಲ್ಲ.

ದೋಣಿ ಬಂತು. ಹಾನ್ ತಾಡಪತ್ರಿ ಎಳೆದು ಪಂಜರ ಮುಚ್ಚಿ ಅದರ ಮುಂದೆ ನಿಂತಳು. ದೋಣಿಯವನಿಗೆ ಎರಡೇ ಮಾತು ಹೇಳಿದಳು. ತಾಡಪತ್ರಿಯ ಕೆಳಗೆ ಇಲಿಗಳು ಕಿಚಗುಟ್ಟುತ್ತಿವೆ. ಅವನು ತಾಡಪತ್ರಿ ನೋಡಿದ, ನಮ್ಮನ್ನು ನೋಡಿದ, ಸಿಗರೇಟು ಹಚ್ಚಿದ. ಕೋಲಿನಿಂದ ದೋಣಿ ನೂಕಿಕೊಂಡು ಹೋದ.

"ಏನಂದ್ಲು?" ಎಂದೆ.

ಇವತ್ತು ಕೊಡುವುದಿಲ್ಲ ಎಂದಳು, ನಾನೇ ಕರೆದಾಗ ಬಾ ಎಂದಳು, ಎಂದ ಮಿನ್. ವಿಷ ಎಂಬ ಮಾತನ್ನು ಅವಳು ಆಡಲಿಲ್ಲ, ದೋಣಿಯವನೂ ಆಡಿಸಲಿಲ್ಲ. ಆಡಿದ್ದರೆ ನೆರೆ ಬರುವ ತನಕ ಬಾಗಿಲು ಬಂದ್. ಈಗ ದಂಡೆ ಸ್ವಚ್ಛವಾಗುವ ತನಕ ಮಾತ್ರ. ಆದರೆ ಸ್ವಚ್ಛವಾಗುವ ಮೊದಲು ಕರೆದಳೋ, ಅವನು ಮತ್ತೆಂದೂ ಬರುವುದಿಲ್ಲ.

ಹಗ್ಗ ಕಟ್ಟಿ ಪಂಜರವನ್ನು ಇಲಿಗಳ ಸಮೇತ ಕಾಲುವೆಯಲ್ಲಿ ಮುಳುಗಿಸಿದಳು. ನಾನು ಆ ಕಡೆ ನೋಡಲಿಲ್ಲ. ಅಕ್ಕಾತಾಯಿ "ಶಿವಾ, ಶಿವಾ" ಎಂದು ಗೋಡೆಗೆ ಮುಖ ಮಾಡಿ ಕೂತಳು.

ಬದುವಿನ ಮೇಲೆ

ವಿಷ ಎಲ್ಲಿಂದ ಬಂತೆಂದು ಹುಡುಕುತ್ತ ನಡೆದೆವು. ಬಿಸಿಲು, ಜಾರುವ ಮಣ್ಣು, ನನ್ನ ಕಾಲಿಗೆ ಆ ಗುಲಾಬಿ ಚಪ್ಪಲಿ. ಕಾಲುವೆಯ ತುದಿಯ ಗದ್ದೆಯ ಬದುವಿನಲ್ಲಿ ತೆಂಗಿನ ಕರಟಗಳು ಸಾಲಾಗಿ ಕೂತಿದ್ದವು, ಒಳಗೆ ನೀಲಿ ಕಾಳು. ಒಂದು ಕರಟದ ಹತ್ತಿರ ಸೊಂಡಿಲಿ ಸತ್ತು ಬಿದ್ದಿತ್ತು. ಇನ್ನೂ ಮುಂದೆ, ನೀರಿಗೆ ತಲೆ ಚಾಚಿ, ಮುಂಗುಸಿ. ನಮ್ಮದಕ್ಕಿಂತ ಸಣ್ಣದು, ಉಳಿದದ್ದೆಲ್ಲ ನಮ್ಮದೇ. ಮೂಗಿನ ಬಳಿ ರಕ್ತ ಒಣಗಿತ್ತು.

ಅಕ್ಕಾತಾಯಿ ನಿಂತಳು. "ಇಲ್ಲೀ ತನಕಾ ಬಂದ್ರೂ ಇದನ್ನ ನೋಡಬೇಕಾತು."

ಗದ್ದೆಯವನು ಹೊರಗಿನವನು. ಭೂಮಿಯನ್ನು ಹೊಸದಾಗಿ ಗುತ್ತಿಗೆ ಹಿಡಿದಿದ್ದ. ಇಲಿ ಬಿತ್ತನೆಯನ್ನೇ ಎತ್ತಿತು, ಅಂಗಡಿಯವನು ಇದನ್ನು ಕೊಟ್ಟ, ಇಟ್ಟೆ, ಎಂದ. ಹಾನ್ ಜೊತೆಗಿನ ಊರಿನ ಒಪ್ಪಂದವನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಹಾನ್ ಕೂಗಾಡಿದಳು, ಅವನೂ ಕೂಗಾಡಿದ. ಮಿನ್ ನಡುವೆ ನಿಂತು ಒಂದಕ್ಕೂ ಹಿಂದಿ ಮಾಡಲಿಲ್ಲ, ಮಾಡುವ ಅವಶ್ಯಕತೆಯೂ ಇರಲಿಲ್ಲ.

ಇಬ್ಬರು ಕೂಗುವಲ್ಲಿ ದಲ್ಲಾಳಿ ಬೇಕು. ನಮ್ಮ ದನದ ಸಂತೆಯಲ್ಲಿ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ರೂಢಿ ಕೈಗೆ ಬಂದೇಬಿಟ್ಟಿತು: ಹೆಗಲ ಟಾವೆಲ್ ತೆಗೆದು ಅವನ ಕೈ ಮೇಲೆ ಹಾಕಿ, ಕೆಳಗಿನಿಂದ ಬೆರಳು ಹಿಡಿದೆ. ಅವನು ಹಾವು ಮುಟ್ಟಿದವನಂತೆ ಕೈ ಎಳೆದುಕೊಂಡು ಹಾರಿದ. ಹಾನ್ ಸಿಟ್ಟಿನ ನಡುವೆಯೂ ನಕ್ಕಳು.

"ಅವನ ಕೈ ಯಾಕ ಹಿಡದ್ರಿ? ಮದಿವಿ ಮಾಡ್ಕೊತೀರೇನ?" ಎಂದಳು ಅಕ್ಕಾತಾಯಿ.

ಮಿನ್ ಮೂಲಕ ಬಾಯಲ್ಲೇ ಕುದುರಿಸಿದೆ. ಹಾನ್ ಅವನ ಬದುಗಳಿಗೆ ಬೇರೆಲ್ಲಕ್ಕಿಂತ ಒತ್ತಾಗಿ ಬೋನು ಇಡಬೇಕು. ಅವನು ವಿಷ ಎತ್ತಬೇಕು. ಅರ್ಧ ಉಳಿದ ವಿಷದ ಚೀಲವನ್ನು ನಾನು ಕೊಳ್ಳಬೇಕು, ಮಿನ್ ಅದನ್ನು ಅಂಗಡಿಗೆ ವಾಪಸ್ ಮುಟ್ಟಿಸಬೇಕು. ಕೊಂಡೆ, ಸ್ವಲ್ಪ ಇಳಿಸಿಯೇ ಕೊಂಡೆ. ಅವನು ಚೀಲ ಕೊಟ್ಟ, ಕರಟ ಎತ್ತಲು ಮಾತ್ರ ಮುಂದಾಗಲಿಲ್ಲ. ಅಷ್ಟರಲ್ಲಿ ಅಕ್ಕಾತಾಯಿ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಕರಟ ಎತ್ತಲು ಶುರು ಮಾಡಿಯಾಗಿತ್ತು. ಹಾನ್ ಆಚೆ ಬದುವಿಗೆ ಹೋದಳು. ಅವನು ಬೀಡಿಯಂಥದ್ದೇನೋ ಸೇದುತ್ತ ಕೂತು ನೋಡಿದ. ಆಮೇಲೆ ಕೂತಲ್ಲಿಂದಲೇ, ಹುಲ್ಲಿನಲ್ಲಿ ನಮಗೆ ಕಾಣದೆ ಉಳಿದವುಗಳ ಕಡೆ ಒಂದೊಂದಾಗಿ ಬೆರಳು ತೋರಿಸಿದ.

ಪಂಜರದ ಇಲಿಗಳನ್ನೂ ಬದುವಿನಲ್ಲಿ ಸತ್ತದ್ದನ್ನೂ ಬುಟ್ಟಿಗೆ ಹಾಕಿಕೊಂಡು ಹಾನ್ ಕಾಲುವೆಗೆ ಸುರಿಯಲು ಹೊರಟಳು. ಅಕ್ಕಾತಾಯಿ ಬುಟ್ಟಿಯ ಅಂಚು ಹಿಡಿದಳು.

"ಬ್ಯಾಡವಾ. ಮೀನ ತಿಂತಾವ, ನಾಯಿ ಎಳಿತಾವ, ಮತ್ತ ಇದ ಹಾಡು. ಏನ್ರೀ, ಸಲಿಕಿ ತಗೋರಿ."

ನೀರಿನಿಂದ ದೂರ, ಎತ್ತರದ ಜಾಗ ಹುಡುಕಿ ಅಗೆದೆ. ಇಲಿಗಳು, ಸೊಂಡಿಲಿ, ಮುಂಗುಸಿ ಎಲ್ಲ ಒಂದೇ ಗುಂಡಿಗೆ. ಎರಡು ಮೊಳ ಇಳಿಯುವಷ್ಟರಲ್ಲಿ ನನ್ನ ನಡು ಬಿಟ್ಟುಹೋಯಿತು.

ತಿರುಗಿ ಮುಗಳಖೋಡ

ಹೊರಡುವಾಗ ಹಾನ್ ಒಂದು ಬೋನು ಕೊಟ್ಟಳು. ಬೆಲೆ ಹೇಳಲಿಲ್ಲ, ನಗಲೂ ಇಲ್ಲ. ಸೈಗಾನಿನ ನಿಲ್ದಾಣದಲ್ಲಿ ಇಲಿ ವಾಸನೆಯ ಸರಕು ಒಳಗೆ ಬಿಡುವುದಿಲ್ಲ ಎಂದರು, ಅಲ್ಲೇ ಬಿಟ್ಟು ಬಂದೆ. ಅಳತೆ ತಲೆಯಲ್ಲಿದೆ.

ಮಿನ್ ಆಗಾಗ ಮೊಬೈಲಿಗೆ ಸುದ್ದಿ ಕಳಿಸುತ್ತಾನೆ. ಹಾನ್ ಈಗಲೂ ದಿನಾ ಬೋನು ಎತ್ತುತ್ತಾಳೆ, ಹಲಗೆ ತೊಳೆಯುವ ಮೊದಲು ಬಗ್ಗಿ ನೋಡುತ್ತಾಳೆ, ಎಲ್ಲೋ ಒಂದೆರಡು ನೀಲಿ ಕಾಣುತ್ತದೆ, ಎಲ್ಲವನ್ನೂ ಹೂಳುತ್ತಾಳೆ. ದೋಣಿಯನ್ನು ಇನ್ನೂ ಕರೆದಿಲ್ಲ. ಕಾಲುವೆಯಾಚೆ ಯಾರದೋ ಬಟ್ಟೆ ಹೊಲಿಗೆಗೆ ಹೋಗುತ್ತಿದ್ದಾಳಂತೆ.

ಇಲ್ಲಿ, ನಮ್ಮ ಪಕ್ಕದ ಹೊಲದ ಭೂಪಾಲ ಅಂಗಡಿಗೆ ಬಂದು ಎಲ್ಲರೆದುರು ಕೇಳಿದ: "ಏನ್ ಕಾಕಾ, ಇಲಿ ತಿಂದ ಬಂದ್ರೇನ್ರಿ? ಹೆಂಗಿತ್ತು, ಉಪ್ಪಾ ಖಾರಾ ಬರೋಬ್ಬರಿ ಇತ್ತೋ?"

"ನಿನ್ನ ಹೊಲದಾಗಿನ ಇಲಿ ನನ್ನ ಹೊಲಕ್ಕ ಬಂದ ಸಾಯತೈತಿ, ಅದರ ರುಚಿ ಮೊದಲ ಹೇಳೋ" ಎಂದೆ. ನಕ್ಕ. ಎರಡು ದಿನ ಬಿಟ್ಟು ಫೋನ್ ಮಾಡಿ, "ಕಾಕಾ, ನಾಳಿ ಕೇಕ್ ಇಡಾಕತ್ತೇನ್ರಿ, ನಿಮ್ಮ ನಾಯಿ ಕಟ್ಟಿಹಾಕ್ರಿ" ಎಂದ. ಇಡಬೇಡ ಎಂದೆ, ಕೇಳಲಿಲ್ಲ. ಆದರೆ ಹೇಳಿದ. ಇಷ್ಟು ವರ್ಷ ಅದೂ ಇರಲಿಲ್ಲ.

ಇನ್ನು ನಿಮಗೆ. ನಿಮ್ಮದು ಕಬ್ಬೋ, ದ್ರಾಕ್ಷಿಯೋ, ನನಗೆ ಸಂಬಂಧವಿಲ್ಲ. ಕೈಲಾದರೆ ಬೋನು ಹಾಕಿ. ನನ್ನ ಅಂಗಡಿಯದೇ ಆಗಬೇಕೆಂದಿಲ್ಲ, ಆದರೆ ಬಾಯಿಯ ತಂತಿ ಒಳಕ್ಕೆ ಬಾಗಿರುವುದನ್ನೇ ಕೊಳ್ಳಿ, ಮತ್ತು ಸುತ್ತಿನ ಹೊಲದವರೆಲ್ಲ ಒಟ್ಟಿಗೇ ಹಾಕಿ, ಒಬ್ಬನೇ ಹಾಕಿದರೆ ಪಕ್ಕದವನ ಇಲಿ ಹಿಡಿಯುವುದೇ ನಿಮ್ಮ ಉದ್ಯೋಗವಾಗುತ್ತದೆ. ಬದುವಿನ ಮುಳ್ಳುಕಂಟಿಯನ್ನು ಪೂರಾ ಸುಡಬೇಡಿ, ಮುಂಗುಸಿ ಮರಿ ಹಾಕುವುದು ಅಲ್ಲೇ. ಕೇಕ್ ಇಡಲೇಬೇಕು ಎನ್ನುವವರು ಇಡುವ ಮುಂಚೆ ನಾಲ್ಕೂ ಬದುವಿನವರಿಗೆ ಹೇಳಿ, ಹೊಸದಾಗಿ ಹೊಲ ಹಿಡಿದವನಿದ್ದರೆ ಅವನ ಮನೆಗೇ ಹೋಗಿ ಹೇಳಿ. ಬಿಲದೊಳಗೆ ಇಡಿ, ಬಯಲಲ್ಲಿ ಬೇಡ. ಉಳಿದದ್ದನ್ನು ಎತ್ತಿ. ಆಮೇಲೆ ಒಂದಷ್ಟು ದಿನ ಬೆಳಿಗ್ಗೆ ಹೊಲ ಸುತ್ತಿ, ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟದೆ ಹೆಕ್ಕಿ, ಬದುವಿನಾಚೆ ಎಸೆಯದೆ, ಹಳ್ಳಕ್ಕೆ ಬಿಡದೆ, ನೀರಿನಿಂದ ದೂರ ಎರಡು ಮೊಳ ಆಳ ಅಗೆದು ಹೂಳಿ. ನಡು ನೋಯುತ್ತದೆ, ಗೊತ್ತು. ನನ್ನದು ಇನ್ನೂ ನೋಯುತ್ತಿದೆ. ಆದರೂ ಅಗೆಯಿರಿ.